ಶಂಖದ ಗುರುತಿನ ಏಳು ರೊಟ್ಟಿ

ನಾನು ಚಿಕ್ಕವನಿದ್ದಾಗ ನೆಲ ಎಂದರೆ ಚಪ್ಪಟೆಯಾಗಿಯೇ ಇರುತ್ತದೆ ಎಂದು ತಿಳಿದುಕೊಂಡಿದ್ದೆ. ತಪ್ಪು ನನ್ನದಲ್ಲ. ನಾನು ಬೆಳೆದದ್ದು ಇದೇ ಕುವೈತಿನ ಫಹಾಹೀಲ್‌ನಲ್ಲಿ. ಇಲ್ಲಿ ಗೋಲಿಯನ್ನು ನೆಲದ ಮೇಲಿಟ್ಟರೆ ಅದು ಇಟ್ಟ ಕಡೆಯೇ ಇರುತ್ತದೆ. ನಾನು ಕಂಡಿದ್ದ ಒಂದೇ ಒಂದು ಇಳಿಜಾರು ಎಂದರೆ ಶುವೈಖ್‌ನಲ್ಲಿ ಅಪ್ಪ ಕೆಲಸ ಮಾಡುತ್ತಿದ್ದ ಕಲ್ಲು ಕೊಯ್ಯುವ ಕಾರ್ಖಾನೆಯದು. ಲಾರಿಗಳಿಗೆ ಅಮೃತಶಿಲೆಯ ಹಲಗೆಗಳನ್ನು ಏರಿಸಲು ಅಲ್ಲೊಂದು ಸಿಮೆಂಟಿನ ಏರು ಕಟ್ಟಿದ್ದರು. ಅಪ್ಪ ಯಾವಾಗಲಾದರೂ ಕರೆದುಕೊಂಡು ಹೋದರೆ ಅಕ್ಕನೂ ನಾನೂ ಅದರ ಮೇಲೆ ಓಡಿ ಹತ್ತಿ ಓಡಿ ಇಳಿಯುತ್ತಿದ್ದೆವು. ನಮಗೆ ಅದೇ ಬೆಟ್ಟ.

ಬೇಸಿಗೆ ರಜೆ ಬಂದರೆ ಎಲ್ಲ ಮನೆಯವರೂ ಊರಿಗೆ ಹೊರಡುತ್ತಿದ್ದರು. ನಾವೂ ಮೈಸೂರಿಗೆ ಹೋಗುತ್ತಿದ್ದೆವು. ಆ ವರ್ಷ ಮಾತ್ರ ಹೋಗಲಿಲ್ಲ. ಅಪ್ಪನ ಕಾರ್ಖಾನೆಗೆ ಸ್ಪೇನಿನಿಂದ ಹೊಸ ಯಂತ್ರ ಬರುವುದಿತ್ತು. ಅದನ್ನು ನಡೆಸುವುದು ಕಲಿತುಕೊಂಡು ಬನ್ನಿ ಎಂದು ಅಪ್ಪನನ್ನು ಎರಡು ತಿಂಗಳು ಅಲ್ಲಿಗೇ ಕಳಿಸಿದರು. ಅಪ್ಪನ ಜೊತೆ ಸ್ಪೇನಿನವರೇ ಆದ ಒಬ್ಬ ಫೋರ್‌ಮನ್ ಇದ್ದರು. ನಾವು ಅವರನ್ನು ಫೋರ್‌ಮನ್ ಮಾಮ ಎನ್ನುತ್ತಿದ್ದೆವು. ಕೆಲಸದ ಜಾಗದಲ್ಲಿ ಕಲಿತ ಹಿಂದಿಯಲ್ಲಿ ಅವರು ಅಪ್ಪನಿಗೆ, "ಭಾಯಿ, ಹೋಟೆಲ್ ಯಾಕೆ? ಆ ಯಂತ್ರದ ಕಾರ್ಖಾನೆ ಇರೋದೇ ನಮ್ಮ ಬೆಟ್ಟದ ಕೆಳಗೆ. ನಮ್ಮಮ್ಮನ ಮನೆ ಮೇಲಿದೆ. ಅಟ್ಟದ ಮೇಲೆ ಎರಡು ಕೋಣೆ ಖಾಲಿ. ಹೆಂಡತಿ ಮಕ್ಕಳನ್ನೂ ಕರಕೊಂಡು ಯಲ್ಲಾ, ನಡಿ" ಎಂದರಂತೆ. ಅಪ್ಪ ಹೂಂ ಅಂದರು. ಅಮ್ಮ ಒಂದು ತಗಡಿನ ಡಬ್ಬಿಯ ತುಂಬ ಸಾರಿನ ಪುಡಿ, ಇನ್ನೊಂದರ ತುಂಬ ತೊಗರಿಬೇಳೆ ಕಟ್ಟಿಕೊಂಡಳು.

ಆ ಊರನ್ನು ನಾನು ಮೊದಲು ನೋಡಿದ್ದು ಹಾಲಿನ ಲಾರಿಯ ಹಿಂದುಗಡೆ ಕೂತು. ಲಾರಿ ಹತ್ತುತ್ತಲೇ ಹೋಯಿತು. ಕಿವಿ ಗುಂಯ್ ಎಂದಿತು. ಒಂದು ತಿರುವು ದಾಟಿದ ಮೇಲೆ ಬೆಟ್ಟದ ಪಕ್ಕೆಗೆ ಅಂಟಿಕೊಂಡಂತೆ ಕಲ್ಲಿನ ಮನೆಗಳು ಕಂಡವು. ಒಂದರ ಮಾಡು ಇನ್ನೊಂದರ ಅಂಗಳಕ್ಕೆ ತಾಗುವಷ್ಟು ಒತ್ತೊತ್ತಾಗಿದ್ದವು. ಮಾಡಿಗೆ ಹೆಂಚಿಲ್ಲ, ಕಪ್ಪು ಕಲ್ಲಿನ ತೆಳು ಹಲಗೆಗಳು. ಅಕ್ಕ ಕೈಯಿಂದ ಮುಟ್ಟಿ ನೋಡಿ, "ಲೋ, ಇದು ನಾವು ಬರೆಯೋ ಸ್ಲೇಟೇ ಕಣೋ" ಎಂದಳು. ನಿಜ. ಊರಿಗೆ ಊರೇ ಸ್ಲೇಟು ಹೊದ್ದುಕೊಂಡಿತ್ತು.

ಅಲ್ಲಿ ಇಳಿಜಾರಲ್ಲದ ಜಾಗವೇ ಇರಲಿಲ್ಲ. ಮೊದಲ ದಿನವೇ ನನ್ನ ಜೇಬಿನಿಂದ ಬಿದ್ದ ಗೋಲಿ ಕಲ್ಲುಹಾಸಿನ ಓಣಿಯಲ್ಲಿ ಟಣ್ ಟಣ್ ಎನ್ನುತ್ತ ಹೊರಟು, ಕಲ್ಲು ಜಗಲಿಯ ಮೇಲೆ ಕೂತಿದ್ದ ಮೂವರು ಮುದುಕರ ಕಾಲಡಿ ಹಾದು, ಮೆಟ್ಟಿಲಿಳಿದು, ಊರ ನಡುವಿನ ಬುಗ್ಗೆಯ ತೊಟ್ಟಿಗೆ ಹೋಗಿ ಬಿತ್ತು. ಆ ನೀರಿಗೆ ಕೈ ಹಾಕಿದೆ. ಫಹಾಹೀಲ್‌ನಲ್ಲಿ ಆಗ ನಲ್ಲಿ ತಿರುಗಿಸಿದರೆ ಮಧ್ಯಾಹ್ನ ಚಹಾ ಮಾಡುವಷ್ಟು ಬಿಸಿನೀರು ಬರುತ್ತಿತ್ತು. ಇಲ್ಲಿ ನಡುಬೇಸಿಗೆಯಲ್ಲಿ ಬೆರಳು ಜೋಮು ಹಿಡಿಯಿತು. ಆ ಊರಿನ ವಾಸನೆ ಈಗಲೂ ನೆನಪಿದೆ: ಸೌದೆ ಹೊಗೆ, ಹಸುವಿನ ಸಗಣಿ, ಬಿಸಿಲಿಗೆ ತೂಗುಹಾಕಿದ ಕೆಂಪು ಮೆಣಸಿನಕಾಯಿ. ಚರ್ಚಿನ ಗಂಟೆಗೋಪುರದ ತುದಿಯಲ್ಲಿ ಒಂದು ಕೊಕ್ಕರೆ ಹಳೆಯ ಬುಟ್ಟಿಯಂಥ ಗೂಡು ಕಟ್ಟಿಕೊಂಡು, ಗಂಟೆ ಹೊಡೆದಾಗಲೆಲ್ಲ ಕೊಕ್ಕು ಪಟಪಟ ಬಡಿಯುತ್ತಿತ್ತು.

ಫೋರ್‌ಮನ್ ಮಾಮನ ತಾಯಿಯನ್ನು ಊರೆಲ್ಲ ಅಬುವೆಲಾ ಎನ್ನುತ್ತಿತ್ತು. ಹಾಗೆಂದರೆ ಅಲ್ಲಿನ ಮಾತಿನಲ್ಲಿ ಅಜ್ಜಿ. ಕಪ್ಪು ಬಟ್ಟೆ, ಕಪ್ಪು ತಲೆವಸ್ತ್ರ, ಎರಡು ದೊಡ್ಡ ಜೇಬಿನ ಕಪ್ಪು ಏಪ್ರನ್. ಒಂದು ಜೇಬಿನಲ್ಲಿ ಬೀಗದ ಕೈ, ಇನ್ನೊಂದರಲ್ಲಿ ಬಾದಾಮಿ. ಅಕ್ಕನಿಗೆ ಹನ್ನೆರಡು ವರ್ಷ. ಹದಿನೈದು ದಿನದಲ್ಲಿ ಆ ಭಾಷೆ ಹಿಡಿದುಬಿಟ್ಟಳು. ನನಗೆ ಎಂಟು, ಅವಳು ಹೇಳಿದ್ದೇ ನನಗೆ ಅರ್ಥವಾಗಿದ್ದು. ಹಾಗಾಗಿ ಆ ಊರಿನವರ ಮಾತೆಲ್ಲ ನನ್ನ ನೆನಪಿನಲ್ಲಿ ಅಕ್ಕನ ಮೈಸೂರು ಕನ್ನಡದಲ್ಲೇ ಇದೆ.

ಊಟದ ವಿಷಯ ಮಾತ್ರ ಕಷ್ಟವಾಗಿತ್ತು. ಆ ಮನೆಯಲ್ಲಿ ಸೊಪ್ಪಿನ ಪಲ್ಯಕ್ಕೂ ಒಂದು ಚೂರು ಮಾಂಸ ಹಾಕುತ್ತಿದ್ದರು. ಅಮ್ಮ ಅಟ್ಟದ ಮೇಲೆ ಬೇರೆ ಒಲೆ, ಬೇರೆ ಪಾತ್ರೆ ಇಟ್ಟುಕೊಂಡು ಅನ್ನ ಸಾರು ಮಾಡುತ್ತಿದ್ದಳು. ಕೆಳಗಿನದು ಮೇಲಕ್ಕೆ ಬರುವಂತಿಲ್ಲ. ರೊಟ್ಟಿಯಲ್ಲಿ ಹಿಟ್ಟು, ನೀರು, ಉಪ್ಪು ಬಿಟ್ಟು ಬೇರೇನೂ ಇಲ್ಲ ಎಂದು ಫೋರ್‌ಮನ್ ಮಾಮ ಆಣೆ ಮಾಡಿ ಹೇಳಿದರೂ, "ಇರಲಿ, ಅನ್ನ ಇದೆಯಲ್ಲ" ಎನ್ನುತ್ತಿದ್ದಳು. ಅಬುವೆಲಾ ಒಂದು ದಿನ ಅಕ್ಕನನ್ನು ಮೂಲೆಗೆ ಕರೆದು ಕೇಳಿದರು: "ನಿಮ್ಮಮ್ಮ ಅಂಥ ಪಾಪ ಏನು ಮಾಡಿದ್ದಾಳೆ, ತಿಂಗಳಿಡೀ ಉಪವಾಸ?" ಅಕ್ಕ ಅದನ್ನು ಅಮ್ಮನಿಗೆ ಹೇಳಿದಳು. ಅಮ್ಮ ನಕ್ಕಳು. ಆದರೆ ಕೆಳಗೆ ಹೋಗಿ ಉಣ್ಣಲಿಲ್ಲ.

ರೊಟ್ಟಿ ಅಂದೆನಲ್ಲ, ಅದು ನಮ್ಮ ಜೋಳದ ರೊಟ್ಟಿಯ ಹಾಗಲ್ಲ. ಪುಟ್ಟ ದಿಂಬಿನಷ್ಟು ದಪ್ಪ, ಆಮೆ ಬೆನ್ನಿನಂಥ ಗಟ್ಟಿ ಸಿಪ್ಪೆ. ಇಡೀ ಊರಿಗೆ ಅದನ್ನು ಸುಡುವ ಒಲೆ ಒಂದೇ. ಬುಗ್ಗೆಯ ಹಿಂದೆ ಕಲ್ಲಿನ ಗುಹೆಯಂಥ ಒಂದು ಕೋಣೆ. ಹತ್ತು ದಿನಕ್ಕೊಮ್ಮೆ ಅದರಲ್ಲಿ ಬೆಂಕಿ ಹಾಕುತ್ತಿದ್ದರು. ಪ್ರತಿ ಮನೆಯವರೂ ಮರಿಗೆಯಲ್ಲಿ ಹಿಟ್ಟು ನಾದಿ, ಉಂಡೆ ಕಟ್ಟಿ, ಉದ್ದ ಹಲಗೆಯ ಮೇಲೆ ಸಾಲಾಗಿ ಇಟ್ಟು ಬಟ್ಟೆ ಮುಚ್ಚಿ ತಲೆ ಮೇಲೆ ಹೊತ್ತು ತರುತ್ತಿದ್ದರು. ತಲೆಯ ಮೇಲೆ ಸಿಂಬಿ. "ಅಯ್ಯೋ ರಾಮ, ಇವರಲ್ಲೂ ಸಿಂಬಿ ಇದೆ ನೋಡು" ಎಂದು ಅಮ್ಮ ಕಿಟಕಿಯಿಂದ ಬೆರಗಾಗಿ ನೋಡುತ್ತಿದ್ದಳು.

ಇಪ್ಪತ್ತು ಮನೆಯ ರೊಟ್ಟಿ ಒಂದೇ ಒಲೆಯೊಳಗೆ ಹೋದರೆ ಯಾರದು ಯಾವುದೆಂದು ತಿಳಿಯುವುದು ಹೇಗೆ? ಅದಕ್ಕೆ ಪ್ರತಿ ಮನೆಗೂ ಒಂದು ಮರದ ಅಚ್ಚು. ಒಬ್ಬರದು ಮೀನು, ಒಬ್ಬರದು ಏಣಿ, ಒಬ್ಬರದು ಬರೀ ಮೂರು ಗೀಟು. ಒಲೆಗೆ ಹಾಕುವ ಮುಂಚೆ ಹಿಟ್ಟಿನ ಮೇಲೆ ಒತ್ತಿದರೆ ಬೆಂದ ಮೇಲೂ ಗುರುತು ಉಳಿಯುತ್ತಿತ್ತು. ಒಲೆಯ ಬಾಯಿಯ ಪಕ್ಕದ ಗೋಡೆಯ ಗಾರೆಯಲ್ಲಿ ಎಲ್ಲ ಮನೆಗಳ ಅಚ್ಚನ್ನೂ ಒಂದೊಂದು ಸಲ ಒತ್ತಿಟ್ಟಿದ್ದರು. ಊರಿನ ವಿಳಾಸಗಳೆಲ್ಲ ಅಲ್ಲಿದ್ದವು ಎನ್ನಿ.

ಅಬುವೆಲಾ ಮನೆಯ ಅಚ್ಚು ಆರು ಎಸಳಿನ ಹೂವು. ಅವರ ಗಂಡ ಕುರಿ ಕಾಯುತ್ತಿದ್ದಾಗ ಬೆಟ್ಟದ ಮೇಲೆ ಕೂತು ಚಾಕುವಿನಲ್ಲಿ ಕೆತ್ತಿದ್ದು. ಅವರು ತೀರಿಹೋಗಿ ಬಹಳ ವರ್ಷಗಳಾಗಿದ್ದವು. ಎದುರು ಮನೆಯವರ ಅಚ್ಚು ಆರು ಮೂಲೆಯ ನಕ್ಷತ್ರ. ಬೆಂದ ಮೇಲೆ ಹೂವೂ ನಕ್ಷತ್ರವೂ ಹೆಚ್ಚು ಕಡಿಮೆ ಒಂದೇ ಥರ ಕಾಣುತ್ತಿದ್ದವು. ಚೆನ್ನಾಗಿ ಉಬ್ಬಿದ್ದು ಯಾರದು, ಸೀದದ್ದು ಯಾರದು ಎಂಬ ಜಗಳ ಆ ಎರಡು ಮನೆಗಳ ನಡುವೆ ನಾವು ಹೋಗುವ ಮುಂಚಿನಿಂದಲೂ ಇತ್ತು.

ಇನ್ನೊಂದು ಪದ್ಧತಿಯೂ ಇತ್ತು. ಅಚ್ಚನ್ನು ಒತ್ತಬೇಕಾದದ್ದು ಮನೆಯ ಅತಿ ಚಿಕ್ಕ ಕೈ. ಅಬುವೆಲಾ ಮನೆಯಲ್ಲಿ ಚಿಕ್ಕ ಕೈ ಇಲ್ಲದೆ ಎಷ್ಟೋ ವರ್ಷಗಳಿಂದ ಅವರೇ ಒತ್ತಿಕೊಳ್ಳುತ್ತಿದ್ದರು. ನಾವು ಬಂದು ತಿಂಗಳಾದ ಮೇಲೆ ಒಂದು ಶನಿವಾರ ಬೆಳಗ್ಗೆ ಅವರು ನನ್ನ ಕೈ ಹಿಡಿದು, ಅಂಗೈ ತಿರುಗಿಸಿ ನೋಡಿ, ಅಚ್ಚನ್ನು ಅದರ ಮೇಲಿಟ್ಟರು. "ಈ ಸಲ ನೀನು ಒತ್ತು ಮಗು. ಹಿಟ್ಟು ಉಬ್ಬಿದ ಮೇಲೆ ಕರೀತೀನಿ."

ಅಪ್ಪನೂ ಫೋರ್‌ಮನ್ ಮಾಮನೂ ಹಾಲಿನ ಲಾರಿಯಲ್ಲಿ ಕೆಳಗೆ ಹೋಗಿದ್ದರು. ಅಮ್ಮ ಬಟ್ಟೆ ಒಗೆಯಲು ಬುಗ್ಗೆಗೆ ಹೋಗಿದ್ದಳು. ನಾನು ಅಚ್ಚು ಹಿಡಿದು ಅಟ್ಟಕ್ಕೆ ಬಂದು ಕಿಟಕಿಯ ಬೆಳಕಿನಲ್ಲಿ ನೋಡಿದೆ. ಕಪ್ಪಾಗಿತ್ತು. ಎಸಳುಗಳ ಸಂದಿಯಲ್ಲಿ ಹಳೆಯ ಹಿಟ್ಟು ಗಾರೆಯ ಹಾಗೆ ಗಟ್ಟಿಯಾಗಿ ಕೂತಿತ್ತು. ನನಗೆ ಅದು ಸರಿ ಕಾಣಲಿಲ್ಲ.

ಯಾಕೆಂದು ಹೇಳುತ್ತೇನೆ. ನಮ್ಮ ಮನೆಯಲ್ಲೂ ಅಚ್ಚುಗಳಿದ್ದವು. ಅಪ್ಪ ಬೆಳಗ್ಗೆ ಸ್ನಾನ ಮಾಡಿ, ಗೋಪಿಚಂದನ ತೇದು, ಶಂಖ, ಚಕ್ರ ಮುಂತಾದ ಪುಟ್ಟ ಹಿತ್ತಾಳೆಯ ಮುದ್ರೆಗಳನ್ನು ಅದರಲ್ಲಿ ಅದ್ದಿ ತೋಳಿಗೆ, ಎದೆಗೆ, ಹೊಟ್ಟೆಗೆ ಒತ್ತಿಕೊಳ್ಳುತ್ತಿದ್ದರು. ಆಮೇಲೆ ಆ ಮುದ್ರೆಗಳನ್ನು ತೊಳೆದು, ಒರೆಸಿ, ಡಬ್ಬಿಯಲ್ಲಿಡುವುದು ನನ್ನ ಕೆಲಸ. ಸಂದಿಯಲ್ಲಿ ಒಂದು ಚೂರು ಚಂದನ ಉಳಿದರೂ ಅಪ್ಪ ತಿರುಗಿ ಕೊಡುತ್ತಿದ್ದರು. ಹೀಗಿರುವಾಗ ಅಬುವೆಲಾ ಅಚ್ಚನ್ನು ಹಾಗೇ ಕೊಳಕಾಗಿ ಒತ್ತುವುದೇ? ಅಮ್ಮ ಒಲೆಯ ಮೇಲೆ ಬಿಸಿನೀರು ಇಟ್ಟಿದ್ದಳು. ಅಚ್ಚನ್ನು ಅದರಲ್ಲಿ ಮುಳುಗಿಸಿದೆ. ನೆನೆಸಿ, ಹುಣಸೆಹಣ್ಣು ಹಾಕಿ ತಿಕ್ಕಿದೆ, ಕಡ್ಡಿಯಿಂದ ಸಂದಿ ಕೆರೆದೆ. ಕೊನೆಗೆ ಎಸಳುಗಳು ಹೊಸದಾಗಿ ಅರಳಿದಂತೆ ಕಂಡವು. ಬೇಗ ಒಣಗಲಿ ಎಂದು ಒಲೆಯ ಪಕ್ಕ ಉರಿಗೆ ಹತ್ತಿರ ನಿಲ್ಲಿಸಿದೆ. ಅಬುವೆಲಾಗೆ ಎಷ್ಟು ಸಂತೋಷವಾಗಬಹುದೆಂದು ಯೋಚಿಸುತ್ತ ಕೂತೆ.

ಟಪ್ ಎಂದು ಸದ್ದಾಯಿತು. ಅಚ್ಚು ನಡುವೆ ಸೀಳಿ ಎರಡು ಹೋಳಾಗಿತ್ತು. ಈ ಕಡೆ ಮೂರು ಎಸಳು, ಆ ಕಡೆ ಮೂರು.

ಅಕ್ಕ ಬಂದಳು. ನೋಡಿದಳು. ಬೈಯಲಿಲ್ಲ, ಅದು ಇನ್ನೂ ಹೆದರಿಕೆ ಹುಟ್ಟಿಸಿತು. ನಮ್ಮ ಮನೆಯಲ್ಲಿ ಗಾಳಿಪಟಕ್ಕೂ ಲಕೋಟೆಗೂ ಅನ್ನವೇ ಗೋಂದು. ಅವಳು ಪಾತ್ರೆಯಿಂದ ನಾಲ್ಕು ಅಗಳು ತೆಗೆದು ಅರೆದು ಹಚ್ಚಿ ಒತ್ತಿ ಹಿಡಿದಳು. ಕೈ ಬಿಟ್ಟೊಡನೆ ಅಚ್ಚು ಬಾಯಿಬಿಟ್ಟಿತು. ಕೆಳಗಿನಿಂದ ಅಬುವೆಲಾ ಕೂಗಿದರು.

"ಈಗಲೇ ಹೋಗಿ ಹೇಳಿಬಿಡೋ" ಎಂದಳು ಅಕ್ಕ.

"ನೀನೇ ಹೇಳು. ನಿನಗೆ ಭಾಷೆ ಬರುತ್ತೆ."

"ಭಾಷೆ ನಂದು, ತಪ್ಪು ನಿಂದು" ಎಂದು ಅವಳು ಇಳಿದು ಹೋದಳು.

ನಾನು ಹೇಳಲಿಲ್ಲ. ಅದರ ಬದಲು ಅಪ್ಪ ಜೊತೆಗೆ ತಂದಿದ್ದ ಮುದ್ರೆಗಳ ಡಬ್ಬಿ ತೆರೆದೆ. ಗುಂಡಗಿರುವ ಚಕ್ರ ಸಿಕ್ಕಿದ್ದರೆ ಹೂವಿನಂತೆಯೇ ಕಂಡು ಪಾರಾಗುತ್ತಿದ್ದೆನೋ ಏನೋ. ಆತುರಕ್ಕೆ ಕೈಗೆ ಬಂದದ್ದು ಶಂಖ. ಒಂದು ಜೇಬಿನಲ್ಲಿ ಎರಡು ಹೋಳು, ಇನ್ನೊಂದು ಜೇಬಿನಲ್ಲಿ ಶಂಖ ಇಟ್ಟುಕೊಂಡು ಓಣಿ ಇಳಿದೆ.

ಒಲೆಯ ಕೋಣೆಯಲ್ಲಿ ಹೆಂಗಸರು ತುಂಬಿದ್ದರು. ಬೆಂಕಿಯನ್ನು ಎಳೆದು ಹಾಕಿ, ಒದ್ದೆ ಪೊರಕೆಯಿಂದ ಬೂದಿ ಗುಡಿಸಿಯಾಗಿತ್ತು. ಒಲೆ ನೋಡಿಕೊಳ್ಳುವಾಕೆಯ ಮುಖ ತಾಮ್ರದ ಹಂಡೆಯಷ್ಟು ಕೆಂಪು; ಅವಳನ್ನು ಒಲೆಯಮ್ಮ ಎನ್ನೋಣ. ಅವಳು ಒಂದು ಹಿಡಿ ಹಿಟ್ಟನ್ನು ಒಳಗೆ ಎರಚಿ, ಅದು ಕಪ್ಪಾಗದೆ ಕಂದಾಗುವುದನ್ನು ನೋಡಿ, ತನ್ನಿ ಎಂದಳು. ಅಬುವೆಲಾ ತಮ್ಮ ಹಲಗೆಯ ಬಟ್ಟೆ ಸರಿಸಿದರು. ಏಳು ಉಂಡೆಗಳು ಬಿಳಿಯ ಹೊಟ್ಟೆ ಉಬ್ಬಿಸಿಕೊಂಡು ಮಲಗಿದ್ದವು. ಅವರು ಅವುಗಳನ್ನು ನೋಡಲಿಲ್ಲ. ಸುತ್ತ ನಿಂತ ಹೆಂಗಸರ ಮುಖ ನೋಡುತ್ತಿದ್ದರು. "ನೋಡಿದ್ರಾ, ನಮ್ಮನೇಲಿ ಈ ಸಲ ಯಾರು ಒತ್ತೋದು ಅಂತ!" ಅವರು ಹಾಗೆ ಹೆಮ್ಮೆಯಿಂದ ತಿರುಗಿದ್ದಷ್ಟು ಹೊತ್ತಿನಲ್ಲಿ ನಾನು ಏಳಕ್ಕೂ ಶಂಖ ಒತ್ತಿ ಮುಷ್ಟಿ ಮುಚ್ಚಿದೆ. ಒಲೆಯಮ್ಮನ ಉದ್ದ ಹಿಡಿಯ ಹಲಗೆ ಒಂದೊಂದನ್ನೇ ಕತ್ತಲೆಗೆ ತಳ್ಳಿತು.

ಒಂದು ಗಂಟೆ ಕಾದೆವು. ಆ ವಾಸನೆಯನ್ನು ಹೇಗೆ ಹೇಳಲಿ? ಹುರಿದ ಗೋಧಿಯ, ಸ್ವಲ್ಪ ಹುಳಿಯ, ಬಿಸಿ ಕಲ್ಲಿನ ವಾಸನೆ. ಬೇರೆ ದಿನವಾಗಿದ್ದರೆ ಬಾಯಲ್ಲಿ ನೀರೂರುತ್ತಿತ್ತು. ಆ ದಿನ ನಾನು ಜೇಬಿನೊಳಗೆ ಎರಡು ಹೋಳುಗಳನ್ನು ಒಂದಕ್ಕೊಂದು ಒತ್ತಿ ಹಿಡಿದು ನಿಂತಿದ್ದೆ.

ರೊಟ್ಟಿಗಳು ಹೊರಗೆ ಬಂದವು. ಮೀನಿನವರು ಮೀನು, ಏಣಿಯವರು ಏಣಿ ಆರಿಸಿಕೊಂಡರು. ಎಲ್ಲರೂ ಆರಿಸಿಕೊಂಡ ಮೇಲೆ ಕಲ್ಲಿನ ಕಟ್ಟೆಯ ಮೇಲೆ ಏಳು ರೊಟ್ಟಿ ಉಳಿದವು. ಒಬ್ಬಳು ಬಗ್ಗಿ ನೋಡಿ, "ಇದ್ಯಾರ ಮನೆ ಬಸವನಹುಳು?" ಎಂದಳು. ಶಂಖ ಉಬ್ಬಿ ಅವರ ಕಣ್ಣಿಗೆ ಹಾಗೆ ಕಂಡಿತ್ತು. ಇನ್ನೊಬ್ಬಳು, "ಒಲೆ ತಲುಪೋ ಹೊತ್ತಿಗೆ ಸಂಜೆಯಾಗಿರಬೇಕು ಪಾಪ" ಎಂದಳು. ಎಲ್ಲರೂ ನಕ್ಕರು. ಅಬುವೆಲಾ ನಗಲಿಲ್ಲ. ಅವರು ಹೂವು ಹುಡುಕುತ್ತಿದ್ದರು. ಹುಡುಕಿ ಹುಡುಕಿ ಎದುರು ಮನೆಯಾಕೆಯ ಹಲಗೆಯ ಮುಂದೆ ನಿಂತರು.

"ನಿನ್ನ ಬಟ್ಟೆ ಸ್ವಲ್ಪ ಎತ್ತು."

"ಯಾಕೆ?"

"ಎತ್ತು ಅಂದೆ. ನನ್ನ ಏಳು ಎಲ್ಲಿ ಹೋಯ್ತು? ಕಾಲು ಬಂತಾ?"

"ನಂದು ನಕ್ಷತ್ರ. ಕಣ್ಣು ಕಾಣದಿದ್ರೆ ಕನ್ನಡಕ ಹಾಕ್ಕೊ. ಎಣಿಸ್ಕೊ ಬೇಕಾದ್ರೆ."

"ಹೋದ ಚಳಿಗಾಲದಲ್ಲೂ ಹೀಗೇ ಅಂದೆ. ಕಳ್ಳಿ."

ಆ ಮಾತಿಗೆ ಕೋಣೆ ತಣ್ಣಗಾಯಿತು. ಎದುರು ಮನೆಯಾಕೆ ಬಟ್ಟೆಯನ್ನು ಸರ್ರನೆ ಎಳೆದು ತನ್ನ ರೊಟ್ಟಿಗಳನ್ನು ತೋರಿಸಿದಳು. ಅವಳು ಏನೂ ಮಾಡಿರಲಿಲ್ಲ. ಅಕ್ಕ ನನ್ನ ಕಡೆ ನೋಡಿದಳು. ಅಚ್ಚು ಒಡೆದದ್ದು ತಪ್ಪಿ ಆಗಿದ್ದು. ಈಗ ಸುಮ್ಮನಿದ್ದರೆ ಅವಳನ್ನು ಕಳ್ಳಿ ಮಾಡಿದ್ದು ನಾನೇ ಎಂದಾಗುತ್ತಿತ್ತು. ಅಷ್ಟು ನನಗೂ ಗೊತ್ತಾಯಿತು. ನಾನು ನಡುವೆ ಹೋಗಿ ಎರಡೂ ಜೇಬು ಬರಿದು ಮಾಡಿ ಕಲ್ಲಿನ ಕಟ್ಟೆಯ ಮೇಲಿಟ್ಟೆ. ಒಂದು ಕಡೆ ಎರಡು ಹೋಳು ಹೂವು, ಒಂದು ಕಡೆ ಹಿತ್ತಾಳೆಯ ಶಂಖ.

"ತೊಳೆದೆ" ಎಂದೆ ಕನ್ನಡದಲ್ಲಿ. ಅಕ್ಕ ಅದನ್ನು ಅವರ ಮಾತಿನಲ್ಲಿ ಹೇಳಿದಳು. ಅವಳ ದನಿಯೂ ಸಣ್ಣಗಾಗಿತ್ತು.

ಅಬುವೆಲಾ ಹೋಳುಗಳನ್ನು ಕೈಗೆತ್ತಿಕೊಂಡರು. ಹೆಬ್ಬೆರಳಿನಿಂದ ಎಸಳಿನ ಸಂದಿ ಮುಟ್ಟಿ ನೋಡಿದರು. "ಅಲ್ಲಿದ್ದದ್ದು ಕೊಳೆ ಅಲ್ಲ ಮಗು" ಎಂದರು. "ನಾನು ಮದುವೆಯಾಗಿ ಬಂದಾಗಿನಿಂದ ನಾದಿದ ಹಿಟ್ಟು ಅದು." ಅಷ್ಟೇ. ಹೋಳುಗಳನ್ನು ಏಪ್ರನ್ನಿನ ಜೇಬಿಗೆ ಹಾಕಿಕೊಂಡು, ಎದುರು ಮನೆಯಾಕೆಯ ಕಡೆ ತಿರುಗಿ ಅವಳ ಹಲಗೆಯ ಬಟ್ಟೆಯನ್ನು ತಾವೇ ಮೊದಲಿನಂತೆ ಮುಚ್ಚಿ ಸರಿಮಾಡಿದರು. ಆ ಊರಿನಲ್ಲಿ ಕ್ಷಮಿಸು ಎನ್ನುವುದಕ್ಕೆ ಅಷ್ಟು ಸಾಕಿತ್ತೆಂದು ಕಾಣುತ್ತದೆ.

ಆಗ ಒಲೆಯಮ್ಮ ಕೇಳಿದಳು, "ಅದೆಲ್ಲ ಸರಿ, ಈ ರೊಟ್ಟಿ ಯಾರದು? ಗುರುತಿಲ್ಲದೆ ಬಂದರೆ ನಂದು. ಗುರುತಿದ್ದರೆ ಆ ಮನೆಯದು. ಇದಕ್ಕೆ ಗುರುತಿದೆ. ಹುಡುಗ, ಈ ಬಸವನಹುಳು ಯಾರದು?"

"ನಮ್ಮಪ್ಪಂದು."

"ಹಾಗಾದರೆ ರೊಟ್ಟಿ ನಿಮ್ಮಮ್ಮಂದು." ಒಲೆಯಮ್ಮ ಹೇಳಿದ್ದು ಅಷ್ಟೇ. "ಖಲಾಸ್" ಎಂಬುದನ್ನು ಮಾತ್ರ ಅಕ್ಕ ತಾನೇ ಸೇರಿಸಿದಳು.

ಅಮ್ಮ ಬಾಗಿಲಲ್ಲಿ ನಿಂತಿದ್ದಳು. ಗಲಾಟೆ ಕೇಳಿ ಬುಗ್ಗೆಯಿಂದ ಒದ್ದೆ ಬಟ್ಟೆಯ ಬಕೆಟ್ಟಿನೊಂದಿಗೇ ಬಂದಿದ್ದಳು. ಯಾರೋ ನಾದಿದ ಹಿಟ್ಟು, ಯಾರೋ ಸುಟ್ಟ ರೊಟ್ಟಿ, ಅದರ ಮೇಲೆ ಅಪ್ಪ ಮೈಗೆ ಒತ್ತಿಕೊಳ್ಳುವ ಶಂಖ. ಅಮ್ಮನ ಮುಖದಲ್ಲಿ ಏನೇನೋ ಹಾದುಹೋಯಿತು. ನನ್ನ ಕಡೆ ನೋಡಿದಳು, ಏಪ್ರನ್ನಿನ ಜೇಬಿನಿಂದ ಕೈ ತೆಗೆಯದೆ ನಿಂತಿದ್ದ ಅಬುವೆಲಾ ಕಡೆ ನೋಡಿದಳು. ಬಕೆಟ್ಟು ಕೆಳಗಿಟ್ಟು, ಒದ್ದೆ ಟವೆಲನ್ನು ಹಿಂಡಿ ಸಿಂಬಿ ಸುತ್ತಿ ತಲೆಯ ಮೇಲಿಟ್ಟುಕೊಂಡಳು. "ಎತ್ತಿ ಕೊಡಿ" ಎಂದು ಕೈಸನ್ನೆ ಮಾಡಿದಳು. ಒಂದು ತಿಂಗಳಿನಿಂದ ಆ ರೊಟ್ಟಿಯನ್ನು ಮುಟ್ಟದಿದ್ದ ಅಮ್ಮ ಏಳನ್ನೂ ತಲೆಯ ಮೇಲೆ ಹೊತ್ತು ಓಣಿ ಹತ್ತಿದಳು. ಹಿಂದೆ ಅಬುವೆಲಾ ನಮ್ಮ ಬಟ್ಟೆಯ ಬಕೆಟ್ಟು ಹಿಡಿದು ಬಂದರು. ಜಗಲಿಯ ಮುದುಕರು ಮೂವರೂ ಕಾಲು ಹಿಂದಕ್ಕೆಳೆದುಕೊಂಡು ದಾರಿ ಬಿಟ್ಟರು. ಮನೆಗೆ ಬಂದು ಅಮ್ಮ ಆರನ್ನು ಅಬುವೆಲಾ ರೊಟ್ಟಿ ಇಡುವ ಮರದ ಪೆಟ್ಟಿಗೆಯಲ್ಲಿಟ್ಟಳು. ಏಳನೆಯದನ್ನು ಅಟ್ಟಕ್ಕೆ ತಂದಳು.

ನನಗೆ ಉಳಿದ ಭಯ ಅಪ್ಪನದು. ಮಧ್ಯಾಹ್ನ ಅವರು ಬಂದಾಗ ಅಕ್ಕ, "ಅಪ್ಪ, ಇವನು ನಿಮ್ಮ ಮುದ್ರೆ ಮುಟ್ಟಿದಾನೆ. ಅದೂ ಸ್ನಾನ ಮಾಡದೆ" ಎಂದಳು.

"ಮಾಡಿದ್ದೆ" ಎಂದೆ.

"ಯಾವಾಗ?"

"ನಿನ್ನೆ."

ಅಮ್ಮ ಮುಖ ಆ ಕಡೆ ತಿರುಗಿಸಿಕೊಂಡಳು. ನಗು ಬಂದಿತ್ತೆಂದು ಆಮೇಲೆ ಗೊತ್ತಾಯಿತು. ಉಳಿದದ್ದನ್ನೆಲ್ಲ ನಾನೇ ಹೇಳಬೇಕೆಂದು ಅಪ್ಪ ಅಕ್ಕನ ಬಾಯಿ ಮುಚ್ಚಿಸಿದರು. ಹೇಳಿದೆ.

"ಅವರದನ್ನ ಯಾಕೆ ತೊಳೆದೆ?"

"ನಿಮ್ಮದು ತೊಳೆಯೋ ಹಾಗೆ."

ಅಪ್ಪ ಅಂಗಿಯ ಗುಂಡಿ ಬಿಚ್ಚುತ್ತ ಕೇಳಿದರು, "ಅಬುವೆಲಾ ಏನಂದರು?"

"ಬೈಯಲಿಲ್ಲ."

"ಬೈದಿದ್ದರೆ ನಿನಗೆ ಸುಲಭವಾಗ್ತಿತ್ತು" ಎಂದರು. ಸ್ನಾನಕ್ಕೆ ಹೋದರು. ಬಂದು ಶಂಖವನ್ನು ತಾವೇ ತೊಳೆದು, ಪೂಜೆ ಮಾಡಿ, ಆ ಏಳನೆಯ ರೊಟ್ಟಿಯನ್ನು ಅನ್ನದ ಪಕ್ಕದಲ್ಲಿಟ್ಟು ದೇವರಿಗೆ ನೈವೇದ್ಯ ಮಾಡಿದರು. ಅಮ್ಮ ಬೇಡ ಎನ್ನಲಿಲ್ಲ. ಆಮೇಲೆ ಅಪ್ಪ ರೊಟ್ಟಿ ಹಿಡಿದು, "ಸಾರಿನ ಪಾತ್ರೆ ತಗೋ, ಕೆಳಗೆ ಹೋಗೋಣ" ಎಂದರು.

ಹಾಗೆ ಆ ದಿನ ಮೊದಲ ಸಲ ನಾವೆಲ್ಲ ಒಂದೇ ಮೇಜಿಗೆ ಕೂತೆವು. ಅಬುವೆಲಾ ತಮ್ಮ ಮಾಂಸದ ತಟ್ಟೆಯನ್ನು ಯಾರೂ ಹೇಳದೆಯೇ ಕಪಾಟಿನೊಳಗೆ ಇಟ್ಟು ಬಾಗಿಲು ಹಾಕಿದರು. ಅಲ್ಲಿನವರು ರೊಟ್ಟಿಯ ಬುಡದಲ್ಲಿ ಚಾಕುವಿನಿಂದ ಶಿಲುಬೆ ಎಳೆದು ಆಮೇಲೆ ಕತ್ತರಿಸುತ್ತಾರೆ. ಅವರು ಹಾಗೆ ಎಳೆದರು. ಕತ್ತರಿಸುವಾಗ ಚಾಕು ಶಂಖದ ಮೇಲೆ ಹಾಯದಂತೆ ಸುತ್ತ ಬಳಸಿಕೊಂಡು ಬಂದು, ಆ ತುಂಡನ್ನು ಇಡಿಯಾಗಿ ಅಪ್ಪನ ಮುಂದಿಟ್ಟರು. ಸಿಪ್ಪೆ ಕರಕರ ಎಂದಿತು, ಒಳಗೆ ಇನ್ನೂ ಬೆಚ್ಚಗಿತ್ತು. ಅಮ್ಮ ಒಂದು ಚೂರನ್ನು ಸಾರಿನಲ್ಲಿ ಅದ್ದಿ ಬಾಯಿಗಿಟ್ಟಳು. ಅಬುವೆಲಾ ಅವಳ ದವಡೆಯನ್ನೇ ನೋಡುತ್ತಿದ್ದರು. ಆಮೇಲೆ ತಾವೂ ಸಾರಿನಲ್ಲಿ ಅದ್ದಿ ತಿಂದು, ಕಣ್ಣಲ್ಲಿ ನೀರು ಬರಿಸಿಕೊಂಡು, "ಉಪವಾಸ ಮಾಡೋರು ಇಷ್ಟು ಖಾರ ತಿಂತಾರಾ?" ಎಂದರು.

ಊಟವಾದ ಮೇಲೆ ಅಪ್ಪ ಕೈ ಚಾಚಿದರು. ಅಬುವೆಲಾ ಜೇಬಿನಿಂದ ಎರಡು ಹೋಳು ತೆಗೆದು ಕೊಟ್ಟರು. ಸೋಮವಾರ ಅಪ್ಪನೂ ಫೋರ್‌ಮನ್ ಮಾಮನೂ ಕಾರ್ಖಾನೆಯಲ್ಲಿ ಸಣ್ಣ ತೂತು ಕೊರೆದು, ಹಿತ್ತಾಳೆಯ ಕಡ್ಡಿ ತೂರಿಸಿ ಎರಡನ್ನೂ ಕೂಡಿಸಿ ತಂದರು. ಗಟ್ಟಿಯಾಗಿತ್ತು, ಆದರೆ ಸೀಳು ಮುಚ್ಚಲಿಲ್ಲ. ಹಿಟ್ಟಿನ ಮೇಲೆ ಒತ್ತಿದರೆ ಆರು ಎಸಳಿನ ನಡುವೆ ಒಂದು ಗೆರೆ ಮೂಡುತ್ತಿತ್ತು. ಅಬುವೆಲಾ ಅದನ್ನು ಅತ್ತಿತ್ತ ತಿರುಗಿಸಿ ನೋಡಿದರು. "ಒಳ್ಳೇದೇ ಆಯ್ತು" ಎಂದರು. "ಇನ್ನು ಅವಳ ನಕ್ಷತ್ರದ ಜೊತೆ ಬೆರಕೆಯಾಗಲ್ಲ."

ಹತ್ತು ದಿನ ಕಳೆದು ಮತ್ತೆ ಒಲೆ ಉರಿಯಿತು. ಈ ಸಲ ಅಚ್ಚನ್ನು ಅಬುವೆಲಾ ತಾವೇ ಒತ್ತಿಕೊಳ್ಳುತ್ತಾರೆಂದು ನಾನು ಅಕ್ಕನ ಹಿಂದೆ ನಿಂತಿದ್ದೆ. ಅವರು ಅಕ್ಕನನ್ನು ಪಕ್ಕಕ್ಕೆ ಸರಿಸಿ ನನ್ನ ಕೈ ಹಿಡಿದು ಅಂಗೈ ತಿರುಗಿಸಿ ಅಚ್ಚನ್ನು ಅದರ ಮೇಲಿಟ್ಟರು.

"ತೊಳೀಬೇಡ" ಎಂದರು.

ಆ ಬೇಸಿಗೆ ಮುಗಿಯಿತು. ನಾವು ಹೊರಡುವ ಮುಂಚೆ ಒಲೆಯಮ್ಮ ಒಂದು ಹಿಡಿ ಗಾರೆ ಕಲಸಿ ಗೋಡೆಗೆ ಮೆತ್ತಿ, ನನ್ನ ಕೈಯಿಂದ ಶಂಖವನ್ನು ಒತ್ತಿಸಿದಳು. ಮೀನಿನ ಕೆಳಗೆ, ಏಣಿಯ ಪಕ್ಕ. ಅದು ಈಗಲೂ ಅಲ್ಲಿದೆಯೋ, ಉದುರಿಹೋಯಿತೋ ನನಗೆ ಗೊತ್ತಿಲ್ಲ. ಮತ್ತೆ ಆ ಊರಿಗೆ ನಾನು ಹೋಗಲಿಲ್ಲ.

ಈಗ ಅದೇ ಫಹಾಹೀಲ್‌ನಲ್ಲಿ ಮಗನ ಮನೆಯ ಹನ್ನೊಂದನೆಯ ಮಹಡಿಯಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಮೊಮ್ಮಕ್ಕಳಿಗೆ ರೊಟ್ಟಿ ಬರುವುದು ಜಮಿಯಾದಿಂದ. ಇಲ್ಲಿ ಬಡಾವಣೆಯ ಸಹಕಾರಿ ಅಂಗಡಿಯನ್ನು ಹಾಗೆನ್ನುತ್ತಾರೆ. ಆ ಪ್ಯಾಕೆಟ್ಟಿನ ಮೇಲೂ ಒಂದು ಅಚ್ಚು ಒತ್ತಿರುತ್ತದೆ. ಎಂದಿಗೆ ಕೆಡುತ್ತದೆ ಎಂಬ ತಾರೀಖು. ಯಾರು ನಾದಿದರು, ಯಾರ ಮನೆಗೆ ಎಂಬುದು ಅದರಲ್ಲಿ ಇರುವುದಿಲ್ಲ. ಇರಬೇಕೆಂದೇನೂ ಇಲ್ಲ, ಜಗಳವೂ ಇಲ್ಲ. ನಮ್ಮ ಮನೆಯ ಗುರುತು ಎಂದರೆ ಕಟ್ಟಡದ ಸಂಖ್ಯೆ, ಮಹಡಿ, ಫ್ಲಾಟು. ತರುವ ಹುಡುಗ ಫೋನಿನಲ್ಲಿ ನೋಡಿಕೊಂಡು ಬಂದು ಬಾಗಿಲಲ್ಲಿಟ್ಟು ಹೋಗುತ್ತಾನೆ. ಎದುರು ಫ್ಲಾಟಿನವರ ರೊಟ್ಟಿ ನಮ್ಮ ಬಾಗಿಲಿಗೆ ಬಂದರೂ ಯಾರೂ ಯಾರನ್ನೂ ಕಳ್ಳಿ ಎನ್ನುವುದಿಲ್ಲ. ಯಾಕೆಂದರೆ ಎದುರು ಫ್ಲಾಟಿನಲ್ಲಿ ಯಾರಿದ್ದಾರೆಂದು ನಮಗೆ ಗೊತ್ತಿಲ್ಲ.

ಈ ಕತೆ ಕೇಳಿದ ಮೇಲೆ ಚಿಕ್ಕ ಮೊಮ್ಮಗಳು, "ತಾತ, ವಾಟ್ ಈಸ್ ಅವರ್ ಸ್ಟ್ಯಾಂಪ್?" ಎಂದಳು. ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ. ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ನಾನು ಎದ್ದು ಹೋಗಿ ಅಪ್ಪನ ಡಬ್ಬಿ ತಂದೆ. ಆ ಶಂಖವನ್ನೇ ಈಗ ನಾನು ದಿನಾ ಬೆಳಗ್ಗೆ ಒತ್ತಿಕೊಳ್ಳುವುದು. ಅವಳ ಅಂಗೈ ತಿರುಗಿಸಿ ಅದರ ಮೇಲಿಟ್ಟೆ. ಅಡುಗೆಮನೆಯಲ್ಲಿ ಅವಳಮ್ಮ ಚಪಾತಿ ಲಟ್ಟಿಸುತ್ತಿದ್ದಳು. ಇವಳು ಓಡಿಹೋಗಿ ಒಂದರ ಮೇಲೆ ಗಟ್ಟಿಯಾಗಿ ಒತ್ತಿದಳು. ಕಾವಲಿಯ ಮೇಲೆ ಹಾಕಿದೊಡನೆ ಚಪಾತಿ ಉಬ್ಬಿತು, ಗುರುತು ಅಳಿಸಿಹೋಯಿತು, ಉಳಿದವುಗಳ ಜೊತೆ ಡಬ್ಬಿಯೊಳಗೆ ಸೇರಿತು. ದಿನಾ ಒಂದು ಚಪಾತಿಗೇ ಸಾಕು ಎನ್ನುವವಳು ಆವತ್ತು ತನ್ನದು ಯಾವುದೆಂದು ಹುಡುಕುತ್ತ ನಾಲ್ಕು ತಿಂದಳು.